ಹಳ್ಳದ ಬದಿ ಬಿದ್ದ ಅಪ್ಪೆಮರ: ಸೀಳಬೇಕಾ, ಬಿಡಬೇಕಾ?

ಹಳ್ಳದಂಚಿನ ಮನೆ

ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ಮುಗಿದು ಹಳ್ಳ ಶುರುವಾಗುವ ಜಾಗದಲ್ಲಿ ಒಂದು ಹಳೇ ಅಪ್ಪೆಮರ, ಅಂದರೆ ಉಪ್ಪಿನಕಾಯಿ ಮಿಡಿಯ ಮಾವಿನ ಮರ, ಇತ್ತು. ಅಜ್ಜನ ಕಾಲಕ್ಕೇ ಅದು ಮುದಿ ಮರವಂತೆ. ಇಬ್ಬರು ಕೈ ಚಾಚಿ ಹಿಡಿದರೂ ಸುತ್ತು ಸಿಗುತ್ತಿರಲಿಲ್ಲ. ಮಿಡಿಯ ಸೊನೆ ಕೈಗೆ ತಾಗಿದರೆ ಜೀರಿಗೆ ಪರಿಮಳ ಸಂಜೆ ತನಕ ಹೋಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಜುಲೈ ಗಾಳಿಗೆ ಬುಡ ಸಮೇತ ಬಿತ್ತು. ಮೊದಲೇ ಕಸಿ ಕಟ್ಟಿ ಎರಡು ಗಿಡ ಮಾಡಿಕೊಂಡಿದ್ದೆವು, ಹಾಗಾಗಿ ತಳಿ ಉಳಿದಿದೆ. ಮರ ಮಾತ್ರ ಅಲ್ಲೇ ಮಲಗಿದೆ.

ಈಗ ಪಕ್ಕದ ಮನೆಯವರು ಕೇಳುತ್ತಿದ್ದಾರೆ: "ಸುಮ್ನೆ ಲಡ್ಡಾಗಿ ಹೋಗ್ತಿದೆ, ಸೀಳಿಸಿಕೊಂಡು ಹೋಗ್ತೀವಿ, ಅಡಿಕೆ ಬೇಯಿಸೋಕೆ ಆಗುತ್ತೆ." ಅವರದು ನ್ಯಾಯವಾದ ಮಾತೇ. ಆದರೆ ನನಗೆ ಕೊಡಲು ಮನಸ್ಸು ಬರುತ್ತಿಲ್ಲ. ಬರೀ ಪ್ರೀತಿಯಿಂದ ಅಲ್ಲ. ಈ ಮೂರು ಮಳೆಗಾಲ ನಾನು ಆ ಮರದ ಹತ್ತಿರ ಹೋಗಿ ಕೂತು ನೋಡಿದ್ದೇನೆ. ಬಿದ್ದ ಮೇಲೆ ಅದರಲ್ಲಿ ಜೀವ ಜಾಸ್ತಿ ಆಗಿದೆ ಅನ್ನಿಸುತ್ತದೆ.

ಮೊದಲ ವರ್ಷ ತೊಗಟೆ ಗಟ್ಟಿ ಇತ್ತು. ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು, ತೂತಿನ ಕೆಳಗೆ ಹಿಟ್ಟಿನಂಥ ಹುಡಿ. ಬಿಸಿಲು ಬೀಳುವ ಕಡೆ ಕೊಂಬೆಗಳ ಮೇಲೆ ಬೂದು ಬಣ್ಣದ ಬೀಸಣಿಗೆ ಥರದ ಪುಟ್ಟ ಅಣಬೆ. ಎರಡನೇ ವರ್ಷ ತೊಗಟೆ ಹಾಳೆ ಹಾಳೆಯಾಗಿ ಎದ್ದು ಬಂತು. ಅದರ ಒಳಗೆ ಬಿಳಿ ನೂಲಿನ ಬಲೆ, ಒದ್ದೆ ಹತ್ತಿ ಎಳೆದು ಅಂಟಿಸಿದ ಹಾಗೆ. ಕಂದು ಬಣ್ಣದ ಕಿವಿಯಂಥ ಅಣಬೆ, ಮುಟ್ಟಿದರೆ ನಿಜವಾಗಲೂ ಕಿವಿ ಹಾಲೆ ಮುಟ್ಟಿದಂತೆ. ಈ ವರ್ಷ ನೆಲದ ಕಡೆ ಹೆಬ್ಬೆರಳು ಒತ್ತಿದರೆ ಉಗುರು ಮುಳುಗುವಷ್ಟು ಮೆತ್ತಗಿದೆ. ಹಿಂಡಿದರೆ ನೀರು ಬರುತ್ತದೆ, ಏಪ್ರಿಲ್ ತಿಂಗಳಲ್ಲೂ! ಸುತ್ತಮುತ್ತ ದರಕೆಲ್ಲ (ಉದುರಿದ ಒಣ ಎಲೆ) ಹಪ್ಪಳದ ಹಾಗೆ ಒಣಗಿರುವಾಗ ಈ ಮರದ ಅಡಿ ಮಾತ್ರ ತಂಪು. ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಚೋರಟೆಗಳು ಅಲ್ಲಿ ಹತ್ತಾರು ಸಿಕ್ಕವು. ಬೆನ್ನಿನ ಮೇಲೆ ಪಾಚಿ, ಪಾಚಿಯ ಮೇಲೆ ಒಂದು ಮುರುಗಲು ಸಸಿ.

ಇದನ್ನು ಬಿಟ್ಟರೆ ಕಾಡಿಗೆ, ತೋಟಕ್ಕೆ, ಹಳ್ಳಕ್ಕೆ ನಿಜವಾಗಿ ಏನು ಲಾಭ? ತಿಳಿದವರು ಹೇಳಿ. ನೆರೆಯವರಿಗೆ ನಾನು ಉತ್ತರ ಕೊಡಬೇಕು.

ಮಣ್ಣುಮಿತ್ರ

ನಿಮ್ಮ ಬರಹ ಓದಿ ಸಂತೋಷವಾಯಿತು. ನೀವು ನೋಡಿರುವುದೇ ಪಾಠ, ನಾನು ಹೆಸರು ಸೇರಿಸುತ್ತೇನೆ ಅಷ್ಟೆ.

ಮರದ ಕಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ವಸ್ತು. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮೊದಲೆರಡು ಸಕ್ಕರೆಯ ಸರಪಳಿಗಳು, ತಿನ್ನುವವರು ಬೇಕಾದಷ್ಟಿದ್ದಾರೆ. ಲಿಗ್ನಿನ್ ಹಾಗಲ್ಲ. ಅದು ಗೋಡೆಯ ಗಾರೆ ಇದ್ದ ಹಾಗೆ, ಸಕ್ಕರೆಯ ಎಳೆಗಳನ್ನು ಸುತ್ತಿ ಬಿಗಿದಿರುತ್ತದೆ. ಅದನ್ನು ಪೂರ್ತಿ ಒಡೆಯುವ ತಾಕತ್ತು ಇರುವುದು ಹೆಚ್ಚಾಗಿ ಒಂದೇ ಗುಂಪಿಗೆ, ಬಿಳಿ ಕೊಳೆಯ ಶಿಲೀಂಧ್ರಗಳಿಗೆ. ಅವು ಇದಕ್ಕೆ ಬಳಸುವ ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಪತ್ತೆಯಾದದ್ದೇ 1983ರಲ್ಲಿ. ಕೋಟ್ಯಂತರ ವರ್ಷಗಳಿಂದ ನಡೆಯುತ್ತಿದ್ದ ಕೆಲಸ ನಮಗೆ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು.

ಗುರುತು ಹಿಡಿಯುವುದು ಸುಲಭ. ಕೊಳೆತ ಕಟ್ಟಿಗೆ ಬಿಳಿಚಿಕೊಂಡು, ನಾರು ನಾರಾಗಿ, ಸ್ಪಂಜಿನ ಹಾಗಿದ್ದರೆ ಬಿಳಿ ಕೊಳೆ. ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರುಕು ಬಿಟ್ಟು, ಉಜ್ಜಿದರೆ ಹುಡಿಯಾಗುವುದಿದ್ದರೆ ಕಂದು ಕೊಳೆ. ಅದರಲ್ಲಿ ಸಕ್ಕರೆ ಭಾಗ ಹೋಗಿ ಲಿಗ್ನಿನ್ ಉಳಿದಿರುತ್ತದೆ. ನಮ್ಮ ಅಗಲ ಎಲೆಯ ಮರಗಳಲ್ಲಿ ಬಿಳಿ ಕೊಳೆ ಜಾಸ್ತಿ. ಕಂದು ಕೊಳೆ ಪೈನ್, ಸ್ಪ್ರೂಸ್ ಥರದ ಮರಗಳಲ್ಲಿ ಜಾಸ್ತಿ.

ನಿಮ್ಮ ಬೂದು ಬೀಸಣಿಗೆ ಬಹುಶಃ ಶೈಜೋಫಿಲಮ್. ಮಗುಚಿ ನೋಡಿ. ಕೆಳಗಿನ ಗೆರೆಗಳು ಉದ್ದಕ್ಕೆ ಸೀಳಿದ ಹಾಗಿದ್ದರೆ ಅದೇ. ಬೇಸಿಗೆಯಲ್ಲಿ ಒಣಗಿ ಮುರುಟುತ್ತದೆ, ಒಂದು ಮಳೆ ಬಿದ್ದರೆ ಮತ್ತೆ ಅರಳುತ್ತದೆ. ಹೊಸದಾಗಿ ಸತ್ತ ಕೊಂಬೆಗೆ ಮೊದಲು ಬರುವವರಲ್ಲಿ ಇದೂ ಒಂದು. ಕಿವಿಯಂಥದ್ದು ಆರಿಕ್ಯುಲೇರಿಯಾ. ಆ ಬಿಳಿ ನೂಲಿನ ಬಲೆಯೇ ನಿಜವಾದ ಶಿಲೀಂಧ್ರ, ಅಣಬೆ ಅದರ ಹೂವು ಹಣ್ಣು ಇದ್ದ ಹಾಗೆ.

ಮತ್ತೆ ಆ ಏಪ್ರಿಲ್ ತಿಂಗಳ ನೀರು! ನಿಮ್ಮ ಪಟ್ಟಿಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಅದು. ಕೊಳೆಯುತ್ತ ಹೋದಂತೆ ಕಟ್ಟಿಗೆಯ ಒಳಗೆ ಖಾಲಿ ಜಾಗ ಹೆಚ್ಚುತ್ತದೆ, ಅಲ್ಲೆಲ್ಲ ನೀರು ತುಂಬಿಕೊಳ್ಳುತ್ತದೆ.

ಸುಲಿಮನೆ

ಒಂದು ಎದುರು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಅಡಿಕೆಯವನೇ. ಅಡಿಕೆ ಸುಲಿದು ಬೇಯಿಸುವ ಕೆಲಸ ಶುರುವಾದರೆ ಹಂಡೆಯ ಕೆಳಗೆ ಬೆಂಕಿ ಆರುವ ಹಾಗಿಲ್ಲ. ಒಂದೊಂದು ಮನೆಗೆ ಎಷ್ಟು ಕಟ್ಟಿಗೆ ಬೇಕು ಅಂತ ನಿಮಗೂ ಗೊತ್ತು. ಬಿದ್ದ ಮರ ಬಿಟ್ಟರೆ ನಿಂತ ಮರಕ್ಕೆ ಕತ್ತಿ ಬೀಳುತ್ತದೆ. ಅದು ಒಳ್ಳೆಯದಾ?

ಎರಡನೆಯದು, ಅಡಿಕೆಯ ಅಣಬೆ ರೋಗ. ನಮ್ಮ ತೋಟದ ಕೆಳಗಿನ ತುಂಡಿನಲ್ಲಿ ಹನ್ನೊಂದು ಮರ ಹೋಗಿವೆ. ಗರಿ ಹಳದಿಯಾಗಿ ಜೋತು ಬಿದ್ದವು. ಕಾಂಡದ ಬುಡದಲ್ಲಿ ಕಂದು ರಸ ಇಳಿಯಿತು. ಕೊನೆಗೆ ಬುಡದಲ್ಲಿ ಗಟ್ಟಿ ಅಣಬೆ ಎದ್ದಿತು. ಸತ್ತ ಮರದ ಬುಡ ಕಿತ್ತು ಸುಡಿ, ಸುತ್ತ ಕಂದಕ ತೋಡಿ ಅಂತ ಕೃಷಿಯವರು ಹೇಳುತ್ತಾರೆ. ಇಲ್ಲಿ ನೋಡಿದರೆ ಸತ್ತ ಮರ ಹಾಗೇ ಬಿಡಿ ಅನ್ನುತ್ತೀರಿ. ಹಳ್ಳದಂಚು ತೋಟಕ್ಕೆ ಎಷ್ಟು ದೂರ? ಗಾಳಿಗೆ ಬೀಜ ಬರಲ್ವಾ?

ಕೊಡಗಿನ ತೋಟದವಳು

ಸುಲಿಮನೆಯವರ ಭಯ ನಮಗೂ ಇದೆ. ಕಾಫಿಯಲ್ಲಿ ಬೇರಿನ ಕೊಳೆ ರೋಗಗಳು ನೆರಳು ಮರದ ಹಳೇ ಬುಡದಿಂದಲೇ ಹಬ್ಬುತ್ತವೆ. ಹಾಗಾಗಿ ನೆರಳು ಮರ ಕಡಿಯುವ ಮೊದಲೇ ಸುತ್ತ ತೊಗಟೆ ತೆಗೆಯುವ ಪದ್ಧತಿ ಇದೆ. ಮರ ನಿಧಾನಕ್ಕೆ ಒಣಗುತ್ತಾ ಬೇರಿನಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಆಮೇಲೆ ಕೆಟ್ಟ ಶಿಲೀಂಧ್ರಕ್ಕೆ ಆ ಬುಡದಲ್ಲಿ ಊಟ ಕಡಿಮೆ. ತೋಟದ ಒಳಗಿನ ಬುಡ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ದೇವರಕಾಡಿನ ವಿಷಯ ಬೇರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮೂರಿನದರಲ್ಲಿ ಒಣ ಕಡ್ಡಿಯನ್ನೂ ಮನೆಗೆ ತರಬಾರದು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಒಂದು ಚೆಂದದ ಒಣ ಕೊಂಬೆ ಎತ್ತಿಕೊಂಡು ಬಂದಿದ್ದೆ. ಅಜ್ಜಿ ಬೈಯಲಿಲ್ಲ. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ಅದು ಬಿದ್ದಿದ್ದ ಜಾಗದಲ್ಲೇ ಇಡಿಸಿದರು. "ಇದು ಕಾಡಿನ ಊಟ" ಅಂದರು. ಆ ಕಾಡಿನ ನೆಲಕ್ಕೂ ನಮ್ಮ ತೋಟದ ನೆಲಕ್ಕೂ ಇವತ್ತಿಗೂ ವಾಸನೆಯೇ ಬೇರೆ. ಕಾಲಿಟ್ಟರೆ ಹಾಸಿಗೆ ಮೇಲೆ ಇಟ್ಟ ಹಾಗೆ.

ಹಳ್ಳದಂಚಿನ ಮನೆ

ಸುಲಿಮನೆಯವರೇ, ಬೇಜಾರು ಯಾಕೆ? ನಮ್ಮ ನೆರೆಯವರ ಮಾತೂ ಇದೇ. ಮರ ಬಿದ್ದಿರುವುದು ತೋಟದಿಂದ ಸುಮಾರು ಇನ್ನೂರು ಹೆಜ್ಜೆ ಆಚೆ, ನಡುವೆ ಬೆಟ್ಟದ ಮರಗಳಿವೆ. ನೆರೆಯ ಹಿರಿಯರಿಗೆ ಇನ್ನೊಂದು ಚಿಂತೆ, ಕಾಂಡಕೊರಕ. ಹೊಸ ಕಸಿ ಗಿಡಗಳಿಗೆ ಹತ್ತಿಕೊಂಡರೆ ಅಂತ. ಅಣಬೆ ರೋಗದ ಬಗ್ಗೆ ತಿಳಿದವರು ಬಿಡಿಸಿ ಹೇಳಿ. ನನಗೂ ಅರ್ಧಂಬರ್ಧ ಗೊತ್ತು.

ಮಣ್ಣುಮಿತ್ರ

ಅಣಬೆ ಅಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಈ ಗೊಂದಲದಿಂದಲೇ ಕಾಡಿನ ಒಳ್ಳೆ ಅಣಬೆಗಳಿಗೂ ಕೆಟ್ಟ ಹೆಸರು ಬಂದಿದೆ.

ಅಡಿಕೆಯ ಅಣಬೆ ರೋಗ ತರುವುದು ಗ್ಯಾನೋಡರ್ಮಾ. ಅದು ಮುಖ್ಯವಾಗಿ ಮಣ್ಣಿನೊಳಗೆ ಬೇರಿನಿಂದ ಬೇರಿಗೆ ದಾಟುತ್ತದೆ. ಹಾಗಾಗಿಯೇ ಕಂದಕ ತೋಡಿ ಅನ್ನುವುದು. ನೀರು ನಿಲ್ಲುವ ತೋಟದಲ್ಲಿ, ಸೋತ ಮರದಲ್ಲಿ ಅದರ ಆಟ ಜೋರು. ತೋಟದಲ್ಲಿ ಸತ್ತ ಅಡಿಕೆ ಮರದ ಬುಡ ಬಿಡಬೇಡಿ, ತೆಂಗಿನದ್ದೂ ಬಿಡಬೇಡಿ. ಆದರೆ ಹಳ್ಳದಂಚಿನ ಅಪ್ಪೆಮರವನ್ನು ತಿನ್ನುತ್ತಿರುವ ಶೈಜೋಫಿಲಮ್, ಆರಿಕ್ಯುಲೇರಿಯಾ ನಿಮ್ಮ ಅಡಿಕೆಯ ಬೇರಿಗೆ ಬರುವವಲ್ಲ. ಒಮ್ಮೆ ಮರದ ಬುಡ ಪರೀಕ್ಷೆ ಮಾಡಿ. ಮೇಲೆ ಮೆರುಗು ಹಚ್ಚಿದಂಥ ಕೆಂಗಂದು ಗಟ್ಟಿ ಅಣಬೆ ಕಂಡರೆ ಇಲ್ಲಿ ಹೇಳಿ. ಕಾಣದಿದ್ದರೆ ಇನ್ನೂರು ಹೆಜ್ಜೆ ದೂರದ ಮರಕ್ಕೆ ಹೆದರುವ ಕಾರಣ ಇಲ್ಲ. ಇನ್ನು ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ, ಅದರ ಕುಲವೇ ಬೇರೆ. ಬಿದ್ದ ಮರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾವಿನ ಕಾಂಡಕೊರಕ ದುಂಬಿ ಮೊಟ್ಟೆ ಇಡುವುದು ಸೊರಗುತ್ತಿರುವ ಮರಕ್ಕೆ, ತೊಗಟೆ ಇರುವ ಹಸಿ ಕಾಂಡಕ್ಕೆ. ಮೂರು ವರ್ಷವಾಗಿ ತೊಗಟೆ ಕಳಚಿ ಮೆತ್ತಗಾದ ಕಾಂಡ ಅದಕ್ಕೆ ಬೇಡ. ಮೊದಲ ವರ್ಷ ಈ ಪ್ರಶ್ನೆ ಕೇಳಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ.

ತೋಟದವರಿಗೆ ಇನ್ನೊಂದು ಮಾತು. ಕಟ್ಟಿಗೆಯಲ್ಲಿ ಇಂಗಾಲ ತುಂಬಾ, ಸಾರಜನಕ ಬಹಳ ಕಡಿಮೆ. ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಶಿಲೀಂಧ್ರಗಳು ಬೆಳೆಯಲು ಸಾರಜನಕ ಬೇಕು, ಕಟ್ಟಿಗೆಯಲ್ಲಿ ಸಿಗದಿದ್ದರೆ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಅದಕ್ಕೇ ಕಟ್ಟಿಗೆ ಚೂರನ್ನು ಮಣ್ಣಿಗೆ ಬೆರೆಸಿ ಉಳಬೇಡಿ. ಮೇಲೆ ಹಾಸಿ, ಸಾಕು. ಕಾಡು ಮಾಡುವುದೂ ಹಾಗೇ ಅಲ್ವಾ? ಎಲ್ಲವನ್ನೂ ಮೇಲೆ ಹಾಸುತ್ತದೆ, ಮಣ್ಣು ಕೆಳಗಿನಿಂದ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳುತ್ತದೆ.

ಕಾರ್ಕಳ ಕಲ್ಲಲಂಬು

ನಮ್ಮ ಕಡೆ ಮಳೆ ಶುರುವಾದರೆ ಅಣಬೆಯದೇ ಮಾತು. ತುಳುವಿನಲ್ಲಿ ಅಲಂಬು ಅನ್ನುತ್ತೇವೆ, ಕೊಡವರು ಕುಮ್ಮು ಅನ್ನುತ್ತಾರೆ.

ಕಲ್ಲಲಂಬು ಗೊತ್ತಲ್ವಾ? ಮೊದಲ ಮಳೆಗೆ ಮುರಕಲ್ಲಿನ ನೆಲದಲ್ಲಿ ಗೋಲಿಯ ಹಾಗೆ ಹುಟ್ಟುತ್ತದೆ. ಎಳೆಯದನ್ನು ಕತ್ತರಿಸಿದರೆ ಒಳಗೆ ಬೆಣ್ಣೆ ಬಿಳಿ. ಬಲಿತರೆ ಒಳಗೆ ಕಪ್ಪಾಗುತ್ತದೆ, ತಿನ್ನಲು ಬರುವುದಿಲ್ಲ. ಸತ್ತ ಮರ ತಿನ್ನುವ ಜಾತಿ ಇದಲ್ಲ. ಬೋಗಿ ಥರದ ಜೀವಂತ ಮರದ ಬೇರಿಗೆ ಅಂಟಿಕೊಂಡು ಬದುಕುತ್ತದೆ. ಮರಕ್ಕೆ ನೀರು, ರಂಜಕ ತಂದು ಕೊಟ್ಟು ಮರದಿಂದ ಸಕ್ಕರೆ ಪಡೆಯುತ್ತದೆ. ಹಾಗಾಗಿ ಇದನ್ನು ಯಾರೂ ಶೆಡ್ಡಿನಲ್ಲಿ ಬೆಳೆದು ಮಾರುತ್ತಿಲ್ಲ. ಕಾಡು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹುತ್ತದ ಅಣಬೆಯದು ಬೇರೆಯೇ ಕತೆ, ಅದು ನಿಮ್ಮ ಬಿದ್ದ ಮರಕ್ಕೆ ನೇರ ಸಂಬಂಧ. ಒರಲೆ (ಗೆದ್ದಲು) ಕಟ್ಟಿಗೆ ತಿಂದು ಗೂಡಿಗೆ ಹೋಗುತ್ತದೆ. ಅಲ್ಲಿ ಹೊಟ್ಟೆಯಿಂದ ಹೊರಹಾಕಿದ್ದನ್ನು ಒಂದರ ಮೇಲೊಂದು ಇಟ್ಟು ಜೇನುತಟ್ಟಿಯಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಲಿಗ್ನಿನ್ ಒಡೆದು ಮೆತ್ತಗೆ ಮಾಡಿದ ಮೇಲೆ ಒರಲೆಗಳು ಅದನ್ನು ಮತ್ತೆ ತಿನ್ನುತ್ತವೆ. ಸುಮಾರು ಮೂರು ಕೋಟಿ ವರ್ಷದ ಹಿಂದೆ ಆಫ್ರಿಕಾದಲ್ಲಿ ಶುರುವಾದ ಬೇಸಾಯ ಇದು. ಮನುಷ್ಯನ ಬೇಸಾಯಕ್ಕೆ ಹನ್ನೆರಡು ಸಾವಿರ ವರ್ಷವೂ ಸರಿಯಾಗಿ ಆಗಿಲ್ಲ.

ಮಳೆ ಹಿಡಿದ ಮೇಲೆ ಆ ಗೂಡಿನಿಂದ ಅಣಬೆ ಎದ್ದು ಬರುತ್ತದೆ. ಈ ಸಲ ಒಂದನ್ನು ಕೀಳದೆ ಮೆಲ್ಲಗೆ ಅಗೆದು ನೋಡಿದೆ. ಕಾಂಡ ನೆಲದೊಳಗೆ ಬೇರಿನ ಹಾಗೆ ಸಣ್ಣದಾಗುತ್ತ ಹೋಯಿತು, ಮೊಳಕೈ ಉದ್ದ ಅಗೆದರೂ ಮುಗಿಯಲಿಲ್ಲ. ಕೊನೆಗೆ ಮುಟ್ಟಿದ್ದು ಗೂಡನ್ನೇ. ಮಣ್ಣು ಮುಚ್ಚಿ ಬಂದೆ. ಬುಟ್ಟಿ ತುಂಬಾ ಹುತ್ತದ ಅಣಬೆ ತಂದು ಗಸಿ ಮಾಡಿ ಉಣ್ಣುವವರು, ಬೆಟ್ಟದಲ್ಲಿ ಒರಲೆಗೆ ತಿನ್ನಲು ಕಟ್ಟಿಗೆ, ದರಕು ಉಳಿದಿದೆಯೇ ಅಂತಲೂ ನೋಡಬೇಕು.

ಎಳೆ ಮಕ್ಕಳಿರುವ ಮನೆಯವರು ದಯವಿಟ್ಟು ಗುರುತು ಗೊತ್ತಿಲ್ಲದ ಅಣಬೆ ತಿನ್ನಬೇಡಿ. ಕಟ್ಟಿಗೆ ಮೇಲೆ ಬೆಳೆದದ್ದೆಲ್ಲ ಒಳ್ಳೆಯದು ಅನ್ನುವ ನಂಬಿಕೆ ತಪ್ಪು. ಬೇಯಿಸಿದರೆ ವಿಷ ಹೋಗುತ್ತದೆ ಅನ್ನುವುದೂ ತಪ್ಪು.

ದಾಂಡೇಲಿ ದಾರಿ

ಬಿದ್ದ ಮರದ ಮಾತು ಆಯಿತು, ನಿಂತೇ ಸಾಯುವ ಮರಗಳ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ಕಡೆ ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪು ಬಿಳಿ ಮಂಗಟ್ಟೆ ಎರಡೂ ಹಕ್ಕಿಗಳಿವೆ. 2011ರಲ್ಲಿ ಸರ್ಕಾರ ಇವುಗಳಿಗಾಗಿಯೇ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಘೋಷಿಸಿತು. ಇಷ್ಟು ದೊಡ್ಡ ಕೊಕ್ಕು ಇದ್ದರೂ ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ. ಸಿದ್ಧ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಉಳಿಯುತ್ತದೆ. ತಿಂಗಳುಗಟ್ಟಲೆ ಗಂಡು ಆ ಸೀಳಿನಲ್ಲಿ ಹಣ್ಣು ತಂದು ಕೊಡುತ್ತದೆ.

ಆ ಪೊಟರೆ ಮಾಡುವವರು ಯಾರು? ಶಿಲೀಂಧ್ರಗಳೇ. ಕೊಂಬೆ ಮುರಿದ ಗಾಯದಲ್ಲಿ ನೀರು ನಿಂತು, ಶಿಲೀಂಧ್ರ ಸೇರಿಕೊಂಡು, ಒಳಗಿನ ಚೇಗು ನಿಧಾನಕ್ಕೆ ಕೊಳೆಯುತ್ತದೆ. ಹೊರಗಿನ ಮರ ಹಸಿರಾಗಿಯೇ ಇರುತ್ತದೆ. ಮಂಗಟ್ಟೆಗೆ ಸಾಲುವಷ್ಟು ದೊಡ್ಡ ಪೊಟರೆ ಆಗಲು ಬಹಳ ವರ್ಷ ಬೇಕು, ಮರವೂ ಬಹಳ ದಪ್ಪ ಇರಬೇಕು. ಹಾಗಾಗಿ "ಒಳಗೆ ಟೊಳ್ಳಾಗಿದೆ, ಕೆಲಸಕ್ಕೆ ಬಾರದ ಮರ" ಅಂತ ಕಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಕಾಡಿನಲ್ಲಿ ಅದಕ್ಕಿಂತ ಕೆಲಸಕ್ಕೆ ಬರುವ ಮರ ಇನ್ನೊಂದಿಲ್ಲ. ಹಾರುಬೆಕ್ಕು (ಹಾರುವ ಅಳಿಲು), ತುಡುವೆ ಜೇನು, ಮಿಸರಿ ಜೇನು, ಗಿಳಿ, ಗೂಬೆ, ಎಲ್ಲರಿಗೂ ಅದೇ ಮನೆ. ಒಣ ನಿಂತ ಮರಕ್ಕೆ ಬಿಳಿ ಹೊಟ್ಟೆಯ ದೊಡ್ಡ ಮರಕುಟಿಗ ಬಂದು ಬಡಿಯುವ ಸದ್ದು ಬೆಳಿಗ್ಗೆ ಕಣಿವೆ ತುಂಬಾ ಕೇಳುತ್ತದೆ. ಆ ಸದ್ದು ಒಮ್ಮೆ ಕೇಳಿದವರು ಒಣಮರವನ್ನು ಕಟ್ಟಿಗೆ ಅಂತ ನೋಡುವುದಿಲ್ಲ.

ಹೆಲ್ಸಿಂಕಿ ಕನ್ನಡಿಗ

ಹಾರುಬೆಕ್ಕು ಅಂದದ್ದಕ್ಕೆ ಬರೆಯಲೇಬೇಕು ಅನ್ನಿಸಿತು. ನಮ್ಮ ಮನೆ ಹತ್ತಿರದ ನೂಕ್ಸಿಯೋ ರಾಷ್ಟ್ರೀಯ ಉದ್ಯಾನದ ಲಾಂಛನವೇ ಹಾರುಬೆಕ್ಕು. ಇಲ್ಲಿನದು ಸಣ್ಣದು, ಬೂದು ಬಣ್ಣದ್ದು. ಆಸ್ಪೆನ್ ಮರದಲ್ಲಿ ಮರಕುಟಿಗ ಕೊರೆದು ಬಿಟ್ಟ ತೂತಿನಲ್ಲಿ ವಾಸ.

ಫಿನ್ಲೆಂಡಿನಲ್ಲಿ ಕಾಡು ಬೇಕಾದಷ್ಟಿದೆ, ಸತ್ತ ಮರ ಇಲ್ಲ. ಹತ್ತಾರು ವರ್ಷ ಕಾಡನ್ನು ಗುಡಿಸಿ ಒರೆಸಿ ಇಟ್ಟಿದ್ದರ ಫಲ ಇದು. ದಕ್ಷಿಣದ ಹಳೇ ಸಹಜ ಕಾಡಿನಲ್ಲಿ ಹೆಕ್ಟೇರಿಗೆ 60ರಿಂದ 120 ಘನ ಮೀಟರ್ ಸತ್ತ ಮರ ಇರುತ್ತದೆ. ಮರಕ್ಕಾಗಿ ಬೆಳೆಸಿದ ಕಾಡಿನಲ್ಲಿ ಕೆಲವೇ ಘನ ಮೀಟರ್. ಇಲ್ಲಿನ ಕಾಡಿನ ಜೀವಿಗಳಲ್ಲಿ 4,000ದಿಂದ 5,000 ಜಾತಿಗಳು ಸತ್ತ ಮರವನ್ನು ನೆಚ್ಚಿಕೊಂಡಿವೆ. ಅಂದರೆ ಕಾಡಿನ ಒಟ್ಟು ಜಾತಿಗಳಲ್ಲಿ ನಾಲ್ಕನೇ ಅಥವಾ ಐದನೇ ಒಂದು ಭಾಗ. ದುಂಬಿ, ಶಿಲೀಂಧ್ರ, ಪಾಚಿ, ಬಹಳಷ್ಟು ಅಳಿವಿನ ಪಟ್ಟಿಯಲ್ಲಿವೆ. ಈಗ ಅರ್ಥವಾಗಿ, ಮರ ಕಡಿಯುವಾಗ ಕೆಲವನ್ನು ಆಳೆತ್ತರಕ್ಕಿಂತ ಮೇಲೆ ಕತ್ತರಿಸಿ ಮೋಟುಮರವಾಗಿ ನಿಲ್ಲಿಸುತ್ತಾರೆ, ಸತ್ತ ಮರ ಬೇಕು ಅಂತ. ತಾನಾಗಿ ಆಗುತ್ತಿದ್ದುದನ್ನು ಈಗ ಯಂತ್ರ ಇಟ್ಟು ಮಾಡಬೇಕಾಗಿದೆ.

ನಾನು ಸಾಗರದ ಕಡೆಯವನು. ಚಿಕ್ಕಂದಿನಲ್ಲಿ ಬೆಟ್ಟ ಗುಡಿಸಿ ದರಕು ತಂದವನೇ. ನಮ್ಮಲ್ಲಿ ಇನ್ನೂ ಉಳಿದಿರುವುದನ್ನು ಉಳಿಸಿಕೊಳ್ಳುವುದು ಎಷ್ಟು ಸುಲಭ ಅಂತ ದೂರ ಬಂದ ಮೇಲೆ ತಿಳಿಯಿತು. ನಿಮ್ಮ ಅಪ್ಪೆಮರ ಬಿಡಿ, ದಯವಿಟ್ಟು.

ಬಂಡೀಪುರದ ಅಂಚು

ಎಲ್ಲ ಕಾಡಿಗೂ ಒಂದೇ ಮಾತು ಹೇಳಬೇಡಿ ಅಂತ ನನ್ನ ಕೋರಿಕೆ. ನಮ್ಮದು ಎಲೆ ಉದುರುವ ಒಣ ಕಾಡು. 2019ರ ಫೆಬ್ರುವರಿಯ ಬೆಂಕಿಯನ್ನು ಕಣ್ಣಾರೆ ಕಂಡಿದ್ದೇವೆ. ಆ ವಾರ ಹೊಗೆಯಲ್ಲಿ ಮಧ್ಯಾಹ್ನವೂ ಸಂಜೆಯ ಹಾಗಿತ್ತು. ಆಮೇಲೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಒಣಮರ, ಸತ್ತ ಬಿದಿರು ತೆಗೆದಿದ್ದರೆ ಹೀಗಾಗುತ್ತಿರಲಿಲ್ಲ.

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬೆಂಕಿ ಆರಿಸಲು ಹೋದಾಗ ಕಂಡದ್ದು ಬೇರೆ. ಬೆಂಕಿ ಓಡುವುದು ಒಣ ಹುಲ್ಲಿನಲ್ಲಿ, ಎಲೆಯಲ್ಲಿ, ಬೆರಳು ದಪ್ಪದ ಲಂಟಾನ ಕಡ್ಡಿಯಲ್ಲಿ. ದಪ್ಪ ದಿಮ್ಮಿ ಅಷ್ಟು ಬೇಗ ಹತ್ತಿಕೊಳ್ಳುವುದಿಲ್ಲ. ಹತ್ತಿಕೊಂಡರೆ ಮಾತ್ರ ದಿನಗಟ್ಟಲೆ ಒಳಗೇ ಉರಿಯುತ್ತದೆ, ಗಾಳಿ ಬಂದಾಗ ಮತ್ತೆ ಕಿಡಿ ಹಾರಿಸುತ್ತದೆ. ಹಾಗಾಗಿ ಬೆಂಕಿ ರೇಖೆಯ ಪಕ್ಕದ ಒಣ ದಿಮ್ಮಿ ಸರಿಸಬೇಕು. ಕಾಡಿನ ಒಳಗಿನದ್ದನ್ನು ಬಿಡಬೇಕು. ಲಂಟಾನವನ್ನು ಮಾತ್ರ ಬಿಡಬಾರದು.

ಇನ್ನೊಂದು ವಿಷಯ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಬಾರದು ಅಂತ ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ಆದೇಶ ಮಾಡಿದೆ. ಹುಲ್ಲು, ಹೊಳೆಯಲ್ಲಿ ತೇಲಿ ಬಂದ ಮರವೂ ಅದರಲ್ಲಿ ಸೇರಿದೆ. ಸೊಪ್ಪಿನ ಬೆಟ್ಟದ ಲೆಕ್ಕ ಬೇರೆ. ಅಲ್ಲಿ ಏನು ತೆಗೆಯಬಹುದು ಅಂತ ಸೀಳುವ ಮೊದಲು ಕೇಳಿಕೊಳ್ಳಿ.

ಸೊರಬದ ಮೇಷ್ಟ್ರು

ಹಳ್ಳದಂಚಿನವರು ಏಪ್ರಿಲ್ ತಿಂಗಳಲ್ಲಿ ಮರದ ಹತ್ತಿರ ಕೂರುತ್ತೇನೆ ಅಂದಿದ್ದು ಓದಿ ಎದೆ ಧಸಕ್ ಅಂತು. ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ನಿಮ್ಮ ತಾಲ್ಲೂಕಿನಲ್ಲೂ ಆಮೇಲೆ ಬಂದಿದೆ. ಡಿಸೆಂಬರ್‌ನಿಂದ ಮೇ ತನಕ ದರಕಿನಲ್ಲಿ ಅದನ್ನು ಹರಡುವ ಉಣುಗಿನ ಮರಿಗಳು ಸಾಸಿವೆಗಿಂತ ಸಣ್ಣಗೆ ಇರುತ್ತವೆ, ಕಾಣುವುದೇ ಇಲ್ಲ. ಮೈತುಂಬಾ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಮಳೆಗಾಲದಲ್ಲಿ ನೋಡಿ, ಆಗ ಉಂಬಳ (ಜಿಗಣೆ) ಮಾತ್ರ.

ಹಳ್ಳದ ಮಾತನ್ನು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಹಳ್ಳದ ಮಡುವಿನಲ್ಲಿ ನೊರೆ ಸುತ್ತುತ್ತಿರುತ್ತದಲ್ವಾ? ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಆ ನೊರೆಯ ಒಂದು ಹನಿ ಇಟ್ಟು ಮಕ್ಕಳಿಗೆ ತೋರಿಸಿದ್ದೆ. ನಾಲ್ಕು ಕೈ ಚಾಚಿದ ನಕ್ಷತ್ರದಂಥ ಬೀಜಕಣಗಳು! ನೀರಲ್ಲಿ ಬಿದ್ದ ಎಲೆ, ಕಡ್ಡಿಗಳನ್ನು ಕೊಳೆಸುವ ಶಿಲೀಂಧ್ರಗಳವು. ಹರಿಯುವ ನೀರಲ್ಲಿ ಎಲೆಗೆ ಸಿಕ್ಕಿಹಾಕಿಕೊಳ್ಳಲು ಆ ಕೈಗಳು. ಇಂಥವುಗಳ ಬಗ್ಗೆ ಇಂಗ್ಲೆಂಡಿನ ವಿಜ್ಞಾನಿ ಇಂಗೋಲ್ಡ್ 1942ರಲ್ಲಿ ಬರೆದರು. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದವರು ದಶಕಗಳ ಕಾಲ ಹುಡುಕಿದ್ದಾರೆ. ಈ ಶಿಲೀಂಧ್ರ ಎಲೆಯನ್ನು ಮೆತ್ತಗೆ ಮಾಡಿದ ಮೇಲೆ ನೀರಿನ ಹುಳ ತಿನ್ನುತ್ತದೆ, ಹುಳವನ್ನು ಮೀನು, ಏಡಿ ತಿನ್ನುತ್ತವೆ. ನಿಮ್ಮ ಅಪ್ಪೆಮರದ ತುದಿ ಹಳ್ಳಕ್ಕೆ ಚಾಚಿದ್ದರೆ ಅದನ್ನಂತೂ ಮುಟ್ಟಬೇಡಿ. ಅದಕ್ಕೆ ತಡೆದು ದರಕು ನಿಲ್ಲುತ್ತದೆ, ಹಿಂದೆ ಮಡು ಆಗುತ್ತದೆ. ನೀರಲ್ಲಿ ಮುಳುಗಿದ ಭಾಗ ಬೇಗ ಕೊಳೆಯುವುದೂ ಇಲ್ಲ, ಶಿಲೀಂಧ್ರಕ್ಕೆ ಅಲ್ಲಿ ಗಾಳಿ ಸಾಲದು. ನಿಮ್ಮ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನ ಜೌಗಿನಲ್ಲಿ ಹಾಗೆ ಮುಳುಗಿದ ಮರ ನೋಡಿರಬಹುದು.

ಮಣ್ಣುಮಿತ್ರ

ಒಂದು ಲೆಕ್ಕ ಸೇರಿಸುತ್ತೇನೆ, ಇಂಗಾಲದ ಬಗ್ಗೆ ಖಾಸಗಿಯಾಗಿ ಕೇಳಿದವರಿಗಾಗಿ. ಜಗತ್ತಿನ ಕಾಡುಗಳಲ್ಲಿರುವ ಇಂಗಾಲದಲ್ಲಿ ಸುಮಾರು 8 ಶೇಕಡಾ ಸತ್ತ ಮರದಲ್ಲೇ ಇದೆ. ಆರು ಖಂಡಗಳ 55 ಜಾಗಗಳಲ್ಲಿ ಕಟ್ಟಿಗೆ ತುಂಡು ಇಟ್ಟು ಅಳೆದ ಅಧ್ಯಯನ 2021ರಲ್ಲಿ ಬಂತು. ಕೀಟ ಒಳಗೆ ಹೋಗದಂತೆ ಕೆಲವು ತುಂಡುಗಳನ್ನು ಬಲೆಯಲ್ಲಿ ಮುಚ್ಚಿದ್ದರು. ಅದರ ಅಂದಾಜಿನಲ್ಲಿ ಸತ್ತ ಮರದಿಂದ ವರ್ಷಕ್ಕೆ 10.9 ಶತಕೋಟಿ ಟನ್ ಇಂಗಾಲ ಹೊರಬರುತ್ತದೆ. ಅದರಲ್ಲಿ 29 ಶೇಕಡಾ ಕೀಟಗಳ ಪಾಲು, ಉಳಿದದ್ದು ಹೆಚ್ಚಿನಂಶ ಶಿಲೀಂಧ್ರಗಳ ಕೆಲಸ. ಬಿಸಿಯೂ ಮಳೆಯೂ ಇರುವ ನಮ್ಮಂಥ ಕಡೆ ಕೀಟಗಳ ಓಟ ಜಾಸ್ತಿ. ಗಾಬರಿ ಬೇಡ, ಎಲ್ಲವೂ ಗಾಳಿಗೆ ಹೋಗುವುದಿಲ್ಲ, ಸ್ವಲ್ಪ ಮಣ್ಣಿಗೂ ಸೇರುತ್ತದೆ. ಒಲೆಗೆ ಹಾಕಿದರೆ ಮಾತ್ರ ಒಂದೇ ದಿನದಲ್ಲಿ ಪೂರ್ತಿ ಹೋಗುತ್ತದೆ.

ಹಳ್ಳದಂಚಿನ ಮನೆ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ. ಮೇಷ್ಟ್ರೇ, ಎಚ್ಚರಿಕೆಗೆ ಋಣಿ, ಬೇಸಿಗೆಯಲ್ಲಿ ಇನ್ನು ಹಾಗೆ ಕೂರುವುದಿಲ್ಲ.

ಮರದ ಬುಡ ನೋಡಿ ಬಂದೆ. ಮೆರುಗಿನ ಗಟ್ಟಿ ಅಣಬೆ ಇಲ್ಲ. ಬೇರಿನ ಗುಂಡಿಯ ಹತ್ತಿರ ಕಪ್ಪು ಬೆರಳುಗಳ ಹಾಗೆ ನೆಟ್ಟಗೆ ನಿಂತ ಕೆಲವು ಇವೆ, ತುದಿ ಬೂದು.

ನಿನ್ನೆ ರಾತ್ರಿಯದು ಹೇಳಬೇಕು. ಅಮಾವಾಸ್ಯೆಯ ಹತ್ತಿರ, ಸಂಜೆ ತನಕ ಮಳೆ ಹೊಯ್ದು ನಿಂತಿತ್ತು. ತೋಟಕ್ಕೆ ನೀರು ನುಗ್ಗಿದೆಯಾ ಅಂತ ನೋಡಲು ನೆರೆಯವರೂ ನಾನೂ ಹೋಗಿದ್ದೆವು. ಮರದ ಹತ್ತಿರ ಬಂದಾಗ ಅವರ ಬ್ಯಾಟರಿ ಕೆಟ್ಟಿತು. ನಾನೂ ನನ್ನದನ್ನು ಆರಿಸಿದೆ, ಕಣ್ಣು ಹೊಂದಲಿ ಅಂತ. ಮೊದಲು ಏನೂ ಇಲ್ಲ. ಹತ್ತು ನಿಮಿಷ ಆಗಿರಬೇಕು. ತೊಗಟೆ ಬಿಟ್ಟ ಕಡೆ, ನೆಲದ ಹತ್ತಿರ, ಮಸುಕು ಹಸಿರು ಬೆಳಕು. ಮಿಣುಕುಹುಳದ ಹಾಗೆ ಮಿನುಗುವುದಿಲ್ಲ, ಸುಮ್ಮನೆ ನಿಂತ ಬೆಳಕು. ಅಮ್ಮ ಚಿಕ್ಕಂದಿನಲ್ಲಿ ಕಂಡಿದ್ದೇನೆ ಅಂತ ಹೇಳುತ್ತಿದ್ದರು, ನಾನು ನಂಬಿರಲಿಲ್ಲ. ನೆರೆಯವರು ಒಂದು ಚೂರು ಮುರಿದು ಅಂಗೈಯಲ್ಲಿ ಇಟ್ಟುಕೊಂಡರು. ಅವರ ಬೆರಳಿನ ಗೆರೆ ಕಾಣುವಷ್ಟು ಇತ್ತು. ಮನೆಗೆ ತಂದು ಒಲೆಯ ಹತ್ತಿರ ಇಟ್ಟರು. ಒಣಗಿತು, ಬೆಳಕು ಹೋಯಿತು.

ಮಣ್ಣುಮಿತ್ರ

ಕಟ್ಟಿಗೆಯೊಳಗಿನ ಶಿಲೀಂಧ್ರದ ಎಳೆಗಳೇ ಬೆಳಗುವುದು. ಅದಕ್ಕೆ ಗಾಳಿಯೂ ತೇವವೂ ಬೇಕು, ಹಾಗಾಗಿ ಒಣಗಿದಾಗ ಆರಿತು. ಮೈಸೀನಾ ಕುಲದಲ್ಲಿ ಇಂಥವು ಹಲವು ಇವೆ. ಘಟ್ಟದ ಕಾಡುಗಳಲ್ಲಿ ಗೋವಾ, ಮಹಾರಾಷ್ಟ್ರದ ಕಡೆಯೂ ಮಳೆಗಾಲದಲ್ಲಿ ಜನ ನೋಡಲು ಹೋಗುತ್ತಾರೆ. ನೀವು ಯಾರಿಗೂ ಜಾಗ ಹೇಳಬೇಡಿ. ಕಾಲ್ತುಳಿತಕ್ಕೆ ಆ ಮೆತ್ತನೆಯ ಕಟ್ಟಿಗೆ ಉಳಿಯುವುದಿಲ್ಲ.

ಸುಲಿಮನೆ

ಇದನ್ನು ಓದಿ ನಮ್ಮ ಬೆಟ್ಟದಲ್ಲಿ ಬಿದ್ದಿರುವ ಒಂದು ಮತ್ತಿ ಮರದ ಹತ್ತಿರ ಹೋಗಿ ಬಂದೆ. ತೋಟದ ಬುಡಗಳನ್ನು ನಾನು ತೆಗೆಯುತ್ತೇನೆ, ಅದರಲ್ಲಿ ಬದಲಾವಣೆ ಇಲ್ಲ. ಮತ್ತಿಯನ್ನು ಈ ವರ್ಷ ಮುಟ್ಟುವುದಿಲ್ಲ. ಆದರೆ ಕಟ್ಟಿಗೆಯ ಪ್ರಶ್ನೆ ಹಾಗೇ ಉಳಿಯಿತು. ನಿಮ್ಮ ನೆರೆಯವರಿಗೆ ಏನು ಹೇಳಿದಿರಿ?

ಹಳ್ಳದಂಚಿನ ಮನೆ

ನಾನು ಹೇಳುವ ಮೊದಲೇ ಅವರೇ ಬಂದರು. ಮೇಲಿನ ಕೊಂಬೆಗಳು ಇನ್ನೂ ಗಟ್ಟಿ ಇವೆ, ನೆಲಕ್ಕೆ ತಾಗಿಲ್ಲ, ಅವನ್ನು ಒಯ್ಯುತ್ತೇನೆ, ಕಾಂಡ ಇರಲಿ ಅಂದರು. ಅದು ಎರಡು ಹಂಡೆಗಷ್ಟೇ ಸಾಕು. ಉಳಿದದ್ದಕ್ಕೆ ನಮ್ಮಲ್ಲಿ ರಾಶಿ ಬಿದ್ದಿರುವ ಒಣ ಅಡಿಕೆ ಸಿಪ್ಪೆ ಮತ್ತು ಬೇಲಿಯ ಅಕೇಶಿಯಾ ಕೊಂಬೆ ಕೊಡುತ್ತೇನೆ ಅಂದೆ. ಒಲೆಯನ್ನು ಹೊಗೆ ಕಡಿಮೆ ಇರುವ, ಕಟ್ಟಿಗೆ ಕಡಿಮೆ ತಿನ್ನುವ ಥರ ಕಟ್ಟಿಸಬೇಕು ಅಂತ ಇಬ್ಬರಿಗೂ ಮನಸ್ಸಿದೆ. ಯಾರ ಮನೆಯಲ್ಲಾದರೂ ಅಂಥ ಅಡಿಕೆ ಒಲೆ ಇದ್ದರೆ ಅಳತೆ ಬರೆದು ಹಾಕಿ.

ಇವತ್ತು ಬೆಳಿಗ್ಗೆ ಕೊಂಬೆ ಕಡಿಯಲು ಬಂದಿದ್ದರು. ಮಗನಿಗೆ ಹೇಳುತ್ತಿದ್ದರು, "ಆ ಕಡೆಯಿಂದ ಹತ್ತಬೇಡ, ಅಲ್ಲಿ ಮುರುಗಲು ಸಸಿ ಇದೆ."